ತಪ್ಪಿದ್ದು ಅಳತೆ, ತಾಯಿಯಲ್ಲ

ಅತಿಯಾದರೆ ಅಮೃತವೂ ವಿಷ ಎನ್ನುತ್ತದೆ ನಮ್ಮ ಗಾದೆ. ಆದರೆ ಎಷ್ಟಾದರೆ ಅತಿ ಎಂಬುದನ್ನು ಅದು ಹೇಳುವುದಿಲ್ಲ. ದೊಡ್ಡವರ ವಿಷಯದಲ್ಲಿ ಈ ಪ್ರಶ್ನೆ ಅಷ್ಟಾಗಿ ಕಾಡುವುದೂ ಇಲ್ಲ. ಜ್ವರ ಬಂದರೆ ಒಂದು ಮಾತ್ರೆ. ಐವತ್ತು ಕಿಲೋ ತೂಕದವರಿಗೂ ಎಂಬತ್ತು ಕಿಲೋ ತೂಕದವರಿಗೂ ಸಾಮಾನ್ಯವಾಗಿ ಅದೇ ಮಾತ್ರೆ. ಮಕ್ಕಳ ಲೆಕ್ಕ ಹಾಗಲ್ಲ. ಅಲ್ಲಿ ಕಿಲೋ ತೂಕಕ್ಕೆ ಇಷ್ಟು ಮಿಲಿಗ್ರಾಂ ಎಂದು ಗುಣಿಸಬೇಕು; ಆ ಮಿಲಿಗ್ರಾಂ ಎಷ್ಟು ಮಿಲಿಲೀಟರ್ ದ್ರವದಲ್ಲಿದೆ ಎಂದು ಭಾಗಿಸಬೇಕು; ಅಷ್ಟನ್ನೇ ಅಳೆದು, ಅಳುತ್ತಾ ಕೊಸರಾಡುವ ಕೂಸಿನ ಬಾಯಿಗೆ ಹಾಕಬೇಕು. ಲೆಕ್ಕ ವೈದ್ಯರದು, ಬಾಟಲಿ ಔಷಧದ ಅಂಗಡಿಯವರದು, ಅಳತೆ ತಾಯಿಯದು. ಮೂವರಲ್ಲಿ ಯಾರು ಎಡವಿದರೂ ಬೀಳುವುದು ಮಾತ್ರ ಮಗು.

ಹಿಂದೆ ನಮ್ಮ ಮನೆಗಳಲ್ಲಿ ಅಜ್ಜಿಯಂದಿರು ಬಜೆ, ಮಾಸಿಕಾಯಿ, ಜಾಯಿಕಾಯಿಗಳನ್ನು ಸಾಣೆಕಲ್ಲಿನ ಮೇಲೆ ತೇಯ್ದು ಒಳಲೆಯಲ್ಲಿ ಕುಡಿಸುತ್ತಿದ್ದರು. ಬಜೆ ಹಿತವೋ ಅಹಿತವೋ ಎಂಬ ಚರ್ಚೆ ಇಲ್ಲಿ ಬೇಡ. ಇಂದಿನ ಮಕ್ಕಳ ವೈದ್ಯರು ಅದನ್ನು ಒಪ್ಪುವುದಿಲ್ಲ. ನಾನು ಹೇಳಹೊರಟಿರುವುದು ಅಳತೆಯ ಮಾತು. ಕೂಸಿಗೆ ಇಷ್ಟು ತಿಂಗಳಾದರೆ ಇಷ್ಟು ಸುತ್ತು ಎಂಬ ಕಟ್ಟುನಿಟ್ಟು ಅಲ್ಲಿತ್ತು. ತೇಯುವವಳು, ಎಣಿಸುವವಳು, ಕುಡಿಸುವವಳು ಒಬ್ಬಳೇ ಆಗಿದ್ದಳು. ಈಗ ಔಷಧಿ ಹಲವು ಕೈ ದಾಟಿ ಮನೆಗೆ ಬರುತ್ತದೆ. ಒಂದು ಕೈ ಬರೆದದ್ದನ್ನು ಇನ್ನೊಂದು ಕೈ ಓದುತ್ತದೆ, ಅದು ಕೊಟ್ಟದ್ದನ್ನು ಮೂರನೆಯ ಕೈ ಕುಡಿಸುತ್ತದೆ. ಈ ಕೈಗಳು ಪರಸ್ಪರ ಮಾತನಾಡುವುದು ಅಪರೂಪ.

ಎಲ್ಲ ಮನೆಗಳಲ್ಲೂ ಇರುವ ಪ್ಯಾರಸಿಟಮಾಲನ್ನೇ ತೆಗೆದುಕೊಳ್ಳೋಣ. ಮಗುವಿಗೆ ಒಂದು ಸಲಕ್ಕೆ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ ಎಂಬುದು ವೈದ್ಯರ ಲೆಕ್ಕ. ಇದು ನಮ್ಮ ಮಾರುಕಟ್ಟೆಯಲ್ಲಿ ಹಲವು ರೂಪಗಳಲ್ಲಿ ಸಿಗುತ್ತದೆ. ಹಸುಳೆಗಳ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಒಂದೇ ಮಿಲಿಲೀಟರಿಗೆ 100 ಮಿಲಿಗ್ರಾಂ ಇರುತ್ತದೆ. ಸಾದಾ ಸಿರಪ್‌ನಲ್ಲಿ 5 ಮಿಲಿಲೀಟರಿಗೆ 120 ಅಥವಾ 125 ಮಿಲಿಗ್ರಾಂ. ತುಸು ದೊಡ್ಡ ಮಕ್ಕಳ ಸಿರಪ್‌ನಲ್ಲಿ ಅದೇ 5 ಮಿಲಿಲೀಟರಿಗೆ 240 ಅಥವಾ 250. ಒಂಬತ್ತು ಕಿಲೋ ತೂಕದ ಮಗುವಿಗೆ 125 ಮಿಲಿಗ್ರಾಂ ಕೊಡಬೇಕೆಂದರೆ ಸಾದಾ ಸಿರಪ್ 5 ಮಿಲಿಲೀಟರ್, ಗಟ್ಟಿ ಸಿರಪ್ ಎರಡೂವರೆ, ಡ್ರಾಪ್ಸ್ ಆದರೆ ಬರೀ ಒಂದೂಕಾಲು. ಆದರೆ ಮೂರರ ಮೇಲೂ ಒಂದೇ ಹೆಸರು, ಹೆಚ್ಚುಕಡಿಮೆ ಒಂದೇ ಬಣ್ಣ. ವ್ಯತ್ಯಾಸವನ್ನು ಹೇಳುವ ಅಂಕಿಗಳು ಮಾತ್ರ ಸಾಸಿವೆ ಗಾತ್ರದ ಇಂಗ್ಲಿಷ್ ಅಕ್ಷರಗಳಲ್ಲಿರುತ್ತವೆ.

ನಾನು ವೈದ್ಯನಲ್ಲ, ಔಷಧಶಾಸ್ತ್ರ ಓದಿದವನೂ ಅಲ್ಲ. ಮೂವತ್ನಾಲ್ಕು ವರ್ಷ ಬ್ಯಾಂಕಿನಲ್ಲಿ ಲೆಕ್ಕ ತಾಳೆ ನೋಡಿ ನಿವೃತ್ತನಾದವನು. ಈ ಅಂಕಿಗಳೆಲ್ಲ ನನಗೆ ಬಾಯಿಪಾಠವಾಗಲು ಕಾರಣ ಎರಡು ವರ್ಷದ ಹಿಂದೆ ನನ್ನ ಮಗಳ ಮನೆಯಲ್ಲಿ ನಡೆದ ಸಂಗತಿ. ಹದಿನಾಲ್ಕು ತಿಂಗಳ ಮೊಮ್ಮಗನಿಗೆ ಜ್ವರ ಬಂದಿತ್ತು. ಬಡಾವಣೆಯ ವೈದ್ಯರು ಔಷಧಿಯ ಹೆಸರು ಬರೆದು, 5 ಮಿ.ಲೀ., ಆರು ಗಂಟೆಗೊಮ್ಮೆ, ಮೂರು ದಿನ ಎಂದು ಸೂಚಿಸಿದ್ದರು. ಸಾಂದ್ರತೆ ಬರೆದಿರಲಿಲ್ಲ. ಔಷಧದ ಅಂಗಡಿಯಲ್ಲಿ ಆ ಸಂಜೆ ಇದ್ದದ್ದು ಒಬ್ಬ ಹುಡುಗ. ಅವನು ಸಿರಪ್ಪಿನ ಬದಲು ಅದೇ ಹೆಸರಿನ 15 ಮಿಲಿಲೀಟರಿನ ಡ್ರಾಪ್ಸ್ ಬಾಟಲಿಯನ್ನು ಕೊಟ್ಟ. ಅದರ ಮೇಲೆ ಪೆನ್ನಿನಿಂದ 5 ಮಿ.ಲೀ. ಎಂದೂ ಬರೆದುಕೊಟ್ಟ. ರಾತ್ರಿ ಎಂಟಕ್ಕೆ, ನಡುರಾತ್ರಿ ಎರಡಕ್ಕೆ, ಬೆಳಿಗ್ಗೆ ಎಂಟಕ್ಕೆ ಮಗಳು ಅಳತೆಯ ಮುಚ್ಚಳದಲ್ಲಿ ಕರಾರುವಾಕ್ಕಾಗಿ ಅಳೆದು ಕುಡಿಸಿದಳು. 375 ಮಿಲಿಗ್ರಾಂ ಹೋಗಬೇಕಾದಲ್ಲಿ 1500 ಮಿಲಿಗ್ರಾಂ ಹೋಗಿತ್ತು. ಸರಿಯಾಗಿ ನಾಲ್ಕು ಪಟ್ಟು.

ಮೂರು ದಿನಕ್ಕೆ ಬರಬೇಕಾದ ಔಷಧಿ ಮೂರೇ ಸಲಕ್ಕೆ ಮುಗಿದದ್ದೇಕೆ ಎಂದು ಬೆಳಿಗ್ಗೆ ಅವಳಿಗೇ ಅನುಮಾನ ಬಂತು. ಬಾಟಲಿಯನ್ನು ಬೆಳಕಿಗೆ ಹಿಡಿದು ಓದಿದಳು. ಅರ್ಧ ಗಂಟೆಯೊಳಗೆ ಮಗು ಆಸ್ಪತ್ರೆಯಲ್ಲಿತ್ತು. ಜ್ವರ ಇಳಿದಿದ್ದರಿಂದ ಅದು ಆಡುತ್ತಿತ್ತು, ನಗುತ್ತಿತ್ತು. ಪ್ಯಾರಸಿಟಮಾಲಿನ ಮೋಸವಿರುವುದೇ ಅಲ್ಲಿ. ಹೆಚ್ಚಾದಾಗ ಮೊದಲ ದಿನ ಏನೂ ಕಾಣದೇ ಇರಬಹುದು, ಇಲ್ಲವೇ ಒಂದೆರಡು ಸಲ ವಾಂತಿಯಾಗಬಹುದು. ಯಕೃತ್ತಿಗೆ ಆದ ಪೆಟ್ಟು ಹೊರಬೀಳುವುದು ಸಾಮಾನ್ಯವಾಗಿ ಎರಡನೆಯ, ಮೂರನೆಯ ದಿನ. ಅಸಿಟೈಲ್ ಸಿಸ್ಟೀನ್ ಎಂಬ ಪ್ರತ್ಯೌಷಧವಿದೆ. ಆದರೆ ಅದು ಬೇಗ ಕೊಟ್ಟಷ್ಟೂ ಹೆಚ್ಚು ಫಲಕಾರಿ. ಮಗು ಆಡುತ್ತಿದೆಯಲ್ಲ ಎಂದು ಸಂಜೆಯವರೆಗೆ ಕಾದಿದ್ದರೆ ಹೊತ್ತು ಮೀರಬಹುದಿತ್ತು. ವೈದ್ಯರು ಕಾಯಲಿಲ್ಲ. ಡ್ರಿಪ್ ಹಾಕಿ ಪ್ರತ್ಯೌಷಧ ಆರಂಭಿಸಿದರು. ರಕ್ತಪರೀಕ್ಷೆಯ ಅಂಕಿಗಳು ಎರಡನೆಯ ದಿನ ಏರಿದವು, ಮೂರನೆಯ ದಿನದಿಂದ ಇಳಿದವು. ಐದನೆಯ ದಿನ ಮಗು ಮನೆಗೆ ಬಂತು. ಈಗ ಆರೋಗ್ಯವಾಗಿದೆ.

ಮಗು ಗುಣವಾಯಿತು, ಮನೆ ಗುಣವಾಗಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲೇ ಮೊದಲ ಮಾತು ಬಂದಿತ್ತು. ಕಂಗಾಲಾಗಿದ್ದ ಬೀಗಿತ್ತಿಯವರು, “ನಿನ್ನ ಕೈಯಾರೆ ಕುಡಿಸಿದೆಯಲ್ಲಮ್ಮಾ, ಒಂದು ಸಲ ಓದಿ ನೋಡಬಾರದಿತ್ತೇ?” ಎಂದರು. ಅವರದ್ದು ಕೆಟ್ಟ ಮನಸ್ಸಲ್ಲ; ಹೆದರಿದ ಮನಸ್ಸು. ಆದರೆ ಆ ಮಾತು ಬಿದ್ದ ಜಾಗ ಬೇರೆ. ಬಂದುಹೋದ ನೆಂಟರೆಲ್ಲ ಓದಿಕೊಂಡವಳೇ ಹೀಗೆ ಮಾಡಿದರೆ ಹೇಗೆ ಎಂದರು. ಚೀಟಿ ಬರೆದವರ ಬಗ್ಗೆ, ಬಾಟಲಿ ಕೊಟ್ಟವರ ಬಗ್ಗೆ, ಒಂದೇ ಮುಖದ ಮೂರು ಬಾಟಲಿ ತಯಾರಿಸಿದವರ ಬಗ್ಗೆ ಯಾರೂ ಮಾತೆತ್ತಲಿಲ್ಲ. ಸರಪಳಿಯ ಕೊನೆಯ ಕೊಂಡಿಯಾಗಿ ನಿಂತವಳ ಮೇಲೆ ಇಡೀ ಸರಪಳಿಯ ಭಾರ ಬಿತ್ತು.

ಆ ಆಸ್ಪತ್ರೆಯ ಮಕ್ಕಳ ವೈದ್ಯೆ ಮಾಡಿದ ಒಂದು ಉಪಕಾರವನ್ನು ನಾನು ಮರೆಯಲಾರೆ. ಮನೆಯವರೆಲ್ಲ ಇದ್ದಾಗಲೇ ಅವರು ನನ್ನ ಮಗಳನ್ನು ಕೂರಿಸಿಕೊಂಡು, “ಚೀಟಿಯಲ್ಲಿ 5 ಮಿ.ಲೀ. ಅಂತ ಇತ್ತು, ಬಾಟಲಿ ಮೇಲೂ 5 ಮಿ.ಲೀ. ಅಂತ ಬರೆದಿತ್ತು, ನೀವು ಕೊಟ್ಟಿದ್ದೂ 5 ಮಿ.ಲೀ. ಅಮ್ಮಾ. ಬಾಟಲಿಯೇ ಬೇರೆಯಾಗಿತ್ತು. ಅದನ್ನು ಕಂಡುಹಿಡಿದವರೂ ನೀವೇ. ಇನ್ನೊಂದು ದಿನ ಕಳೆದಿದ್ದರೆ ನಾವು ಬೇರೆ ಮಾತು ಆಡಬೇಕಾಗುತ್ತಿತ್ತು” ಎಂದರು. ಬೀಗಿತ್ತಿಯವರು ಸೊಸೆಯ ತಲೆ ನೇವರಿಸಿದ್ದು ಆಮೇಲೆ.

ಹಾಗಿದ್ದೂ ಮಗಳ ಕೈಯ ನಡುಕ ಬೇಗ ನಿಲ್ಲಲಿಲ್ಲ. ತಿಂಗಳುಗಟ್ಟಲೆ ಅವಳು ಔಷಧಿಯ ಬಾಟಲಿ ಮುಟ್ಟಲಿಲ್ಲ. ನಡುರಾತ್ರಿ ಫೋನ್ ಮಾಡಿ, “ಅಪ್ಪಾ, ಎರಡು ಪಾಯಿಂಟ್ ಐದು ಅಂದರೆ ಎರಡೂವರೆ ತಾನೇ?” ಎಂದು ಕೇಳುತ್ತಿದ್ದಳು. ಒಮ್ಮೆ ಮಗುವಿಗೆ ಮೈ ಕಾವೇರಿ ಗೋಳಾಡುತ್ತಿದ್ದರೂ ಔಷಧಿ ಕೊಡದೆ ಒದ್ದೆ ಬಟ್ಟೆಯಲ್ಲೇ ರಾತ್ರಿ ಕಳೆದಳು. ಮಿತಿಮೀರಿದ ಔಷಧಿ ಅಪಾಯ ನಿಜ. ಭಯದಿಂದ ಕೊಡದೆ ಬಿಟ್ಟ ಔಷಧಿಯೂ ಅಪಾಯವೇ. ತಪ್ಪಿತಸ್ಥ ಭಾವನೆ ತಾಯಂದಿರನ್ನು ಎಚ್ಚರಗೊಳಿಸುತ್ತದೆ ಎಂದು ನಂಬುವವರು ಇದನ್ನು ಗಮನಿಸಬೇಕು. ಅದು ಎಚ್ಚರವನ್ನಲ್ಲ, ಕೈಕಟ್ಟುವ ಅಂಜಿಕೆಯನ್ನು ಹುಟ್ಟಿಸುತ್ತದೆ.

ನನಗೆ ಗೊತ್ತಿದ್ದ ಮದ್ದು ಬ್ಯಾಂಕಿನದು. ಅಲ್ಲಿ ಎಂಥ ನಂಬಿಕಸ್ಥನೇ ಇರಲಿ, ದೊಡ್ಡ ಮೊತ್ತದ ವೋಚರನ್ನು ಒಬ್ಬ ಬರೆದರೆ ಇನ್ನೊಬ್ಬ ನೋಡಿ ಸಹಿ ಹಾಕಬೇಕು. ಬರೆದವನು ಕಳ್ಳನೆಂದಲ್ಲ, ಮನುಷ್ಯನೆಂದು. ಸಂಜೆ ನಗದು ತಾಳೆಯಾಗದಿದ್ದರೆ ಮೊದಲು ವೋಚರುಗಳನ್ನು ತಿರುವಿಹಾಕುತ್ತೇವೆಯೇ ಹೊರತು ಕ್ಯಾಷಿಯರನ ನಡತೆಯನ್ನಲ್ಲ. ಅದೇ ರೀತಿಯ ಒಂದು ನೋಟುಪುಸ್ತಕವನ್ನು ಮಗಳ ಮನೆಯ ಫ್ರಿಜ್ಜಿನ ಪಕ್ಕ ತೂಗುಹಾಕಿದೆವು. ದಿನಾಂಕ, ಹೊತ್ತು, ಮಗುವಿನ ತೂಕ, ಔಷಧಿಯ ಹೆಸರು, ಸಾಂದ್ರತೆ, ಎಷ್ಟು ಮಿ.ಲೀ., ಕೊಟ್ಟವರು ಯಾರು, ನೋಡಿದವರು ಯಾರು. ಅಳಿಯ ಸಹಿ ಹಾಕಿದ, ಬೀಗಿತ್ತಿಯವರೂ ಸಹಿ ಹಾಕಿದರು. ಜವಾಬ್ದಾರಿ ಹಂಚಿಕೆಯಾದ ಮೇಲೆ ಅವಳ ಕೈಗೆ ನಿಧಾನವಾಗಿ ಧೈರ್ಯ ಮರಳಿತು.

ಆಸ್ಪತ್ರೆಯಿಂದ ಬಂದ ವಾರದಲ್ಲೇ ನಾನು ಬಿಲ್ ಹಿಡಿದು ಔಷಧದ ಅಂಗಡಿಗೆ ಹೋಗಿದ್ದೆ. ಮಾಲೀಕರು ಮೊದಲು ಒಪ್ಪಲಿಲ್ಲ, ಬಿಲ್ ಕಂಡ ಮೇಲೆ ಕೈಮುಗಿದರು. “ಆ ಹುಡುಗನನ್ನು ಅವತ್ತೇ ಬಿಡಿಸಿಬಿಟ್ಟೆ ಸಾರ್” ಎಂದರು, ನನಗೆ ಸಮಾಧಾನವಾಗಲಿ ಎಂಬಂತೆ. ಅವರ ಹಿಂದಿನ ಕಪಾಟಿನಲ್ಲಿ ಅದೇ ಡ್ರಾಪ್ಸ್, ಅದೇ ಸಿರಪ್, ಒಂದಕ್ಕೊಂದು ಅಂಟಿಕೊಂಡೇ ಕುಳಿತಿದ್ದವು. ಹುಡುಗ ಹೋದ, ಕಪಾಟು ಹಾಗೆಯೇ ಉಳಿಯಿತು. ನಾಳೆ ಬರುವ ಇನ್ನೊಬ್ಬ ಹುಡುಗನಿಗಾಗಿ ಆ ತಪ್ಪು ಅಲ್ಲಿ ಕಾಯುತ್ತಲೇ ಇತ್ತು. ಸಂಬಂಧಪಟ್ಟ ಇಲಾಖೆಗೂ ಬರೆದೆವು. ಬಂದದ್ದು ಸ್ವೀಕೃತಿ ಪತ್ರ ಮಾತ್ರ.

ಇದು ನಮ್ಮ ಬಡಾವಣೆಯ ಕತೆಯಷ್ಟೇ ಅಲ್ಲ. 2006ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನ ಆಸ್ಪತ್ರೆಯೊಂದರಲ್ಲಿ ದಿನ ತುಂಬದೆ ಹುಟ್ಟಿದ್ದ ಮೂರು ಹಸುಳೆಗಳು ಹೆಪಾರಿನ್ ಎಂಬ ಔಷಧಿ ಅತಿಯಾಗಿ ಸತ್ತವು. ಮಕ್ಕಳಿಗೆಂದಿರುವ ಸೀಸೆಯ ಬದಲು ಅದರಂತೆಯೇ ಕಾಣುವ, ಸಾವಿರ ಪಟ್ಟು ಗಟ್ಟಿಯಾದ ಸೀಸೆ ಕೈಗೆ ಬಂದಿತ್ತು. ಮರುವರ್ಷ, 2007ರ ನವೆಂಬರಿನಲ್ಲಿ, ಲಾಸ್ ಏಂಜಲೀಸ್‌ನ ಹೆಸರಾಂತ ಆಸ್ಪತ್ರೆಯಲ್ಲಿ ನಟ ಡೆನ್ನಿಸ್ ಕ್ವೈಡ್ ಅವರ ಅವಳಿ ಕೂಸುಗಳಿಗೆ ಅದೇ ಗೊಂದಲದಿಂದ ಅದೇ ಸಾವಿರ ಪಟ್ಟು ಔಷಧಿ ಹೋಯಿತು. ಆ ಮಕ್ಕಳು ಬದುಕಿದವು. ಊರು ಬೇರೆ, ಆಸ್ಪತ್ರೆ ಬೇರೆ, ದಾದಿಯರು ಬೇರೆ, ತಪ್ಪು ಮಾತ್ರ ಅದೇ. ಬೇರೆ ಬೇರೆ ಮನುಷ್ಯರು ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಾರೆಂದರೆ ದೋಷವನ್ನು ಮನುಷ್ಯರಲ್ಲಿ ಹುಡುಕುವುದರಲ್ಲಿ ಅರ್ಥವಿದೆಯೇ?

ಮನೆಗಳ ಚಿತ್ರವೂ ಭಿನ್ನವಲ್ಲ. ಅಮೆರಿಕದ ವಿಷಮಾಹಿತಿ ಕೇಂದ್ರಗಳಿಗೆ 2002ರಿಂದ 2012ರವರೆಗೆ ಬಂದ ಕರೆಗಳನ್ನು ಪರಿಶೀಲಿಸಿದ, 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅಲ್ಲಿ ಆಸ್ಪತ್ರೆಯ ಹೊರಗೆ ಆರು ವರ್ಷದೊಳಗಿನ ಒಂದು ಮಗುವಿಗೆ ಪ್ರತಿ ಎಂಟು ನಿಮಿಷಕ್ಕೊಮ್ಮೆ ಔಷಧಿ ಕೊಡುವುದರಲ್ಲಿ ತಪ್ಪಾಗುತ್ತಿತ್ತು. ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಒಬ್ಬರು ಕೊಟ್ಟದ್ದು ತಿಳಿಯದೆಯೋ ನೆನಪಿಲ್ಲದೆಯೋ ಅದನ್ನೇ ಮತ್ತೆ ಕೊಡಲಾಗಿತ್ತು. 2016ರ ಇನ್ನೊಂದು ಅಧ್ಯಯನದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪೋಷಕರಿಗೆ ದ್ರವ ಔಷಧಿ ಅಳೆಯಲು ಕೊಟ್ಟಾಗ ನೂರಕ್ಕೆ ಎಂಬತ್ತನಾಲ್ಕು ಮಂದಿ ಒಮ್ಮೆಯಾದರೂ ತಪ್ಪಿದರು. ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆದಾಗ ತಪ್ಪು ಕಡಿಮೆಯಾಗಿತ್ತು, ಬಟ್ಟಲಿನಂಥ ಮುಚ್ಚಳದಲ್ಲಿ ಅಳೆದಾಗ ಹೆಚ್ಚಾಗಿತ್ತು. ಹೀಗಿರುವಾಗ ಎಂಬತ್ತನಾಲ್ಕು ತಾಯಿ ತಂದೆಯರನ್ನು ಬೈಯುವುದು ಸುಲಭವೋ, ಬಾಟಲಿಯ ಜತೆ ಒಂದು ಸಿರಿಂಜ್ ಇಡುವುದು ಸುಲಭವೋ?

ಹಾಗೆಂದು ಹೊಣೆ ಯಾರದೂ ಅಲ್ಲ ಎಂದು ಕೈಚೆಲ್ಲಬೇಕೆಂದು ನಾನು ವಾದಿಸುತ್ತಿಲ್ಲ. ನಮ್ಮ ಸುಪ್ರೀಂ ಕೋರ್ಟ್ 1998ರಲ್ಲಿ ನೀಡಿದ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆ ಪ್ರಕರಣದ ತೀರ್ಪು ಇಲ್ಲಿ ನೆನಪಾಗಬೇಕು. ಟೈಫಾಯ್ಡ್‌ಗೆ ದಾಖಲಾಗಿದ್ದ ಬಾಲಕನಿಗೆ ವೈದ್ಯರು ಬರೆದ ಚುಚ್ಚುಮದ್ದಿನ ಬದಲು ದಾದಿ ಕ್ಲೋರೋಕ್ವಿನ್ ಚುಚ್ಚಿದ್ದಳು, ಅದೂ ವಿಪರೀತ ಪ್ರಮಾಣದಲ್ಲಿ. ಹೃದಯ ಸ್ತಂಭಿಸಿ ಬಾಲಕನ ಮಿದುಳು ಶಾಶ್ವತವಾಗಿ ಹಾಳಾಯಿತು. ಮಗುವಿಗೆ 12.5 ಲಕ್ಷ ರೂಪಾಯಿ, ತಂದೆ ತಾಯಿಯರ ಮನೋವೇದನೆಗೆ ಪ್ರತ್ಯೇಕವಾಗಿ 5 ಲಕ್ಷ ರೂಪಾಯಿ ಪರಿಹಾರವನ್ನು ನ್ಯಾಯಾಲಯ ಎತ್ತಿಹಿಡಿಯಿತು. ಇಂಥ ಘಟನೆಯಲ್ಲಿ ಗಾಯಗೊಳ್ಳುವುದು ಮಗು ಒಂದೇ ಅಲ್ಲ, ಹೆತ್ತವರೂ ಎಂಬುದನ್ನು ಕಾನೂನು ಅಂದೇ ಗುರುತಿಸಿತ್ತು. ನಾವು ಮನೆಯೊಳಗೆ ಇನ್ನೂ ಗುರುತಿಸಿಲ್ಲ.

ಪರಿಹಾರಕ್ಕಿಂತ ಮೊದಲು ಬೇಕಾದದ್ದು ನಿಜ. ತಪ್ಪಾದಾಗ ಏನಾಯಿತು, ಮುಂದೇನು ಎಂಬುದನ್ನು ಮುಚ್ಚಿಡದೆ ಹೇಳಿ, ಕ್ಷಮೆ ಕೇಳಿ, ನ್ಯಾಯವಾದ ಪರಿಹಾರವನ್ನು ತಾನಾಗಿ ಕೊಡುವ ಪದ್ಧತಿಯನ್ನು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಗಳು 2001ರಿಂದ ರೂಢಿಸಿಕೊಂಡವು. ಅದರಿಂದ ಮೊಕದ್ದಮೆಗಳು ಹೆಚ್ಚಲಿಲ್ಲ, ಕಡಿಮೆಯಾದವು. ನಮ್ಮಲ್ಲಿ ಇಂದಿಗೂ ತಪ್ಪು ಒಪ್ಪಿಕೊಂಡರೆ ಹೊಡೆತ, ಬಚ್ಚಿಟ್ಟರೆ ಬಚಾವು ಎಂಬ ಭಾವನೆ ಎರಡೂ ಕಡೆ ಇದೆ. ಆಸ್ಪತ್ರೆಯ ಗಾಜು ಒಡೆಯುವ ಗುಂಪು ಮತ್ತು ಕೇಸ್ ಶೀಟು ತಿದ್ದುವ ಆಡಳಿತ ಒಂದನ್ನೊಂದು ಸಾಕುತ್ತಿವೆ. ನಡುವೆ ಕಲಿಯಬೇಕಾದ ಪಾಠ ಕಳೆದುಹೋಗುತ್ತದೆ.

ಆಗಬೇಕಾದ ಕೆಲಸಗಳು ದೊಡ್ಡವೇನೂ ಅಲ್ಲ. ಮೊದಲನೆಯದು, ಮಕ್ಕಳ ಪ್ಯಾರಸಿಟಮಾಲಿಗೆ ಒಂದೇ ಸಾಂದ್ರತೆ. ಅಮೆರಿಕದ ತಯಾರಕರು 2011ರಲ್ಲಿ ಹಸುಳೆಗಳ ಗಟ್ಟಿ ಡ್ರಾಪ್ಸನ್ನು ಕೈಬಿಟ್ಟು, 5 ಮಿಲಿಲೀಟರಿಗೆ 160 ಮಿಲಿಗ್ರಾಂ ಎಂಬ ಒಂದೇ ಅಳತೆಗೆ ಒಪ್ಪಿದರು. ಇಲ್ಲಿ ಅದು ಅಸಾಧ್ಯವೇಕೆ? ಎರಡನೆಯದು, ಚೀಟಿ. ಔಷಧಿಯ ಮೂಲ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟೂ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ನಿಯಮ ತಿದ್ದಿತ್ತು. ಓದಲು ಬರುವ ಚೀಟಿ ಪಡೆಯುವುದು ಆರೋಗ್ಯದ ಮೂಲಭೂತ ಹಕ್ಕಿನ ಭಾಗವೆಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2025ರಲ್ಲಿ ಹೇಳಿತು. ಮಕ್ಕಳ ಚೀಟಿಯಲ್ಲಿ ಇಷ್ಟು ಸಾಲದು. ತೂಕ, ಮಿಲಿಗ್ರಾಂ, ಸಾಂದ್ರತೆ, ಮಿಲಿಲೀಟರ್ ನಾಲ್ಕೂ ಇರಬೇಕು. ಮೂರನೆಯದು, ಕೌಂಟರಿನ ಹಿಂದೆ ನೋಂದಾಯಿತ ಫಾರ್ಮಸಿಸ್ಟ್ ನಿಜವಾಗಿಯೂ ಇರಬೇಕು, ಗೋಡೆಗೆ ತೂಗುಹಾಕಿದ ಪ್ರಮಾಣಪತ್ರದಲ್ಲಿ ಮಾತ್ರವಲ್ಲ. ನಾಲ್ಕನೆಯದು, ಅಳತೆಯ ಸೂಚನೆ ಬಾಟಲಿಯ ಮೇಲೆ ಕನ್ನಡದಲ್ಲೂ ಇರಬೇಕು.

ಇವೆಲ್ಲ ಆಗುವವರೆಗೆ ಮನೆಯಲ್ಲಿ ಮಾಡಬಹುದಾದದ್ದೂ ಇದೆ. ಅಡುಗೆಮನೆಯ ಚಮಚವನ್ನು ಔಷಧಿಗೆ ಬಳಸಬಾರದು. ಒಂದು ಬಾಟಲಿಯ ಮುಚ್ಚಳವನ್ನೋ ಡ್ರಾಪರನ್ನೋ ಇನ್ನೊಂದಕ್ಕೆ ಹಾಕಬಾರದು. ಪುಡಿಯ ಆ್ಯಂಟಿಬಯೋಟಿಕ್ಕಿಗೆ ಎಷ್ಟು ನೀರು ಬೆರೆಸಬೇಕೆಂದು ಅಂಗಡಿಯಲ್ಲೇ ಕೇಳಿ ತಿಳಿಯಬೇಕು. ನೆಗಡಿಯ ಔಷಧಿಯೊಳಗೂ ಪ್ಯಾರಸಿಟಮಾಲ್ ಅಡಗಿರಬಹುದು. ಎರಡನ್ನೂ ಕೊಟ್ಟರೆ ಲೆಕ್ಕ ಎರಡು ಪಟ್ಟಾಗುತ್ತದೆ. ಹೆಚ್ಚಾಗಿದೆ ಎಂಬ ಅನುಮಾನ ಬಂದರೆ ವಾಂತಿ ಮಾಡಿಸಲು ಹೋಗದೆ, ಮಗು ಆಡುತ್ತಿದ್ದರೂ ಕಾಯದೆ, ಕೊಟ್ಟ ಹೊತ್ತನ್ನೂ ಪ್ರಮಾಣವನ್ನೂ ಬರೆದುಕೊಂಡು, ಬಾಟಲಿ ಮತ್ತು ಚೀಟಿಯ ಸಮೇತ ಆಸ್ಪತ್ರೆಗೆ ಹೋಗಬೇಕು. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117. ಮಗು ಸುರಕ್ಷಿತವಾದ ಮೇಲೆ ಘಟನೆಯನ್ನು ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮಕ್ಕೆ ತಿಳಿಸಬಹುದು. ಅದರ ಸಂಖ್ಯೆ 1800 180 3024. ವರದಿಯಾಗದ ತಪ್ಪು ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬಾರದ್ದನ್ನು ಯಾವ ಸರ್ಕಾರವೂ ಸರಿಪಡಿಸುವುದಿಲ್ಲ.

2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರದಲ್ಲಿ ವಿಷಪೂರಿತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತಾಗ ದೇಶ ಬೆಚ್ಚಿಬಿತ್ತು, ಬೆಚ್ಚಲೇಬೇಕಿತ್ತು. ಆದರೆ ಒಳ್ಳೆಯ ಔಷಧಿಯೇ ಅಳತೆ ತಪ್ಪಿ ಮಾಡುವ ಹಾನಿ ಸದ್ದಿಲ್ಲದ್ದು. ಅದು ಒಂದೊಂದು ಮನೆಯಲ್ಲಿ, ಒಂದೊಂದು ರಾತ್ರಿ ನಡೆಯುತ್ತದೆ. ಮರುದಿನ ಅದಕ್ಕೆ ತಾಯಿಯ ಅಜಾಗರೂಕತೆ ಎಂಬ ಹೆಸರಿಟ್ಟು ಎಲ್ಲರೂ ಸುಮ್ಮನಾಗುತ್ತಾರೆ. ಇಂಥ ಸುದ್ದಿ ಕಿವಿಗೆ ಬಿದ್ದಾಗ ಯಾರು ಕೊಟ್ಟರು ಎಂದು ಕೇಳುವ ಬದಲು ಹೇಗಾಯಿತು ಎಂದು ಕೇಳೋಣ. ಮೊದಲ ಪ್ರಶ್ನೆಗೆ ಸಿಗುವುದು ಒಬ್ಬ ಅಪರಾಧಿ. ಎರಡನೆಯದಕ್ಕೆ ಸಿಗುವುದು ಮುಂದಿನ ಮಗುವನ್ನು ಉಳಿಸುವ ದಾರಿ.